ಬಾವಿ ಸೇರುವ ಮುನ್ನ ನೀರು

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಅನಂತಶಯನಗುಡಿಯನ್ನು ದಾಟಿ ಸ್ವಲ್ಪ ಮುಂದೆ ಹೋದರೆ ಮಲಪನಗುಡಿ ಸಿಗುತ್ತದೆ. ಹಂಪಿಯನ್ನು ನೋಡಲು ಹೊರಟವರ ಬಸ್ಸು ಇಲ್ಲಿ ನಿಲ್ಲುವುದು ಅಪರೂಪ. ನೀವು ಶಾಲಾ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಶಿಕ್ಷಕರಾಗಿದ್ದರೆ ಅರ್ಧ ಗಂಟೆ ಇಲ್ಲಿ ಇಳಿಯಿರಿ. ಮಲ್ಲಿಕಾರ್ಜುನ ದೇವಾಲಯವನ್ನೂ, ಊರವರು ಸೂಳೆಬಾವಿ ಎಂದು ಕರೆಯುವ ಎಂಟು ಮೂಲೆಯ ಮೆಟ್ಟಿಲು ಬಾವಿಯನ್ನೂ ತೋರಿಸಿ. ಬಾವಿಯ ಸುತ್ತಲಿನ ಕಮಾನುಗಳಲ್ಲಿ ಇಸ್ಲಾಮೀ ವಾಸ್ತುಶೈಲಿಯ ಪ್ರಭಾವ ಎದ್ದು ಕಾಣುತ್ತದೆ. ಒಂದನೆಯ ದೇವರಾಯನ ಆಳ್ವಿಕೆಯ, ಕ್ರಿ.ಶ. 1412ರ ಶಾಸನವೊಂದು ಈ ಊರಿನಲ್ಲಿ ಬಾವಿಯನ್ನೂ ಅರವಟ್ಟಿಗೆಯನ್ನೂ ಮಾಡಿಸಿದ ವಿಷಯವನ್ನು ತಿಳಿಸುತ್ತದೆ. ಅರವಟ್ಟಿಗೆ ಎಂದರೆ ದಾರಿಹೋಕರಿಗೆ ಕುಡಿಯುವ ನೀರು ಕೊಡುವ ಸ್ಥಳ ಎಂಬುದು ನಿಮಗೆ ತಿಳಿದೇ ಇದೆ.

ಆಗ ಕ್ಲೋರಿನ್ ಇರಲಿಲ್ಲ. ಪಂಪ್‌ಹೌಸ್ ಇರಲಿಲ್ಲ. ಬಾವಿಯಿಂದ ಸೇದಿದ ನೀರನ್ನು ನೇರವಾಗಿ ಕೊಡದಲ್ಲಿ ತುಂಬಿ ಬಾಯಾರಿದವರಿಗೆ ಎರೆಯುತ್ತಿದ್ದರು. ಸುತ್ತಲಿನ ಬಯಲಿನಲ್ಲಿ ದನಕರುಗಳಿದ್ದವು, ಹೊಲಗಳಿಗೆ ಗೊಬ್ಬರ ಬೀಳುತ್ತಿತ್ತು, ಮಳೆ ಬಂದಾಗ ಎಲ್ಲವನ್ನೂ ತೊಳೆದುಕೊಂಡು ನೀರು ಹರಿಯುತ್ತಿತ್ತು. ಅದೇ ನೀರು ತಾನೆ ಬಾವಿಯನ್ನು ಸೇರಿದ್ದು? ಹಾಗಿದ್ದರೆ ಅದನ್ನು ಸೋಸಿದವರು ಯಾರು?

ಸೋಸಿದ್ದು ನೆಲ. ಈ ಪ್ರದೇಶದ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆಗಳು. ಅಖಂಡ ಬಂಡೆಯಲ್ಲಿ ನೀರು ನಿಲ್ಲಲು ಜಾಗವಿಲ್ಲ. ಆದರೆ ಬಂಡೆಯ ಮೇಲ್ಭಾಗ ಲಕ್ಷಾಂತರ ವರ್ಷಗಳ ಬಿಸಿಲು ಮಳೆಗೆ ಶಿಥಿಲಗೊಂಡು ಗರಸಾಗಿದೆ. ಅದರ ಮೇಲೆ ಮಸಾರಿ ಮಣ್ಣಿನ ಹೊದಿಕೆ. ಮಳೆನೀರು ಮಣ್ಣಿನಲ್ಲಿ ಇಂಗಿ, ಗರಸಿನ ಕಾಳುಗಳ ನಡುವೆ ನುಸುಳಿ, ದಿನಗಟ್ಟಲೆ, ತಿಂಗಳುಗಟ್ಟಲೆ ಸರಿದು ಬಾವಿಯ ಗೋಡೆಯಲ್ಲಿ ಜಿನುಗುತ್ತದೆ. ವಿಜಯನಗರದ ಅರಸರು ತುಂಗಭದ್ರೆಗೆ ಅಣೆಕಟ್ಟುಗಳನ್ನು ಕಟ್ಟಿ ತೆಗೆದ ಕಾಲುವೆಗಳಿಂದಲೂ, ಅವುಗಳ ಕೆಳಗಿನ ಭತ್ತ, ಕಬ್ಬು, ಬಾಳೆಯ ಗದ್ದೆಗಳಿಂದಲೂ ಹೀಗೆಯೇ ನೀರು ಇಂಗುತ್ತದೆ. ರಾಯ ಕಾಲುವೆ, ಬಸವಣ್ಣ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಈಗ ಅವುಗಳಿಗೆ ನೀರು ಬರುವುದು ತುಂಗಭದ್ರಾ ಜಲಾಶಯದಿಂದ. ಇತ್ತೀಚಿನ ವರ್ಷಗಳಲ್ಲಿ ಈ ಹಳೆಯ ಕಾಲುವೆಗಳ ಆಧುನೀಕರಣ ನಡೆದಿದೆ. ಕಾಲುವೆಗೆ ಕಾಂಕ್ರೀಟ್ ಹಾಸಿದರೆ ಸೋರಿಕೆ ನಿಂತು ಕೊನೆಯ ಹೊಲಕ್ಕೂ ನೀರು ತಲುಪುತ್ತದೆ, ನಿಜ. ಆದರೆ ಎಂಜಿನಿಯರು ಸೋರಿಕೆ ಎಂದು ಬರೆದುಕೊಳ್ಳುವ ನೀರೇ ಪಕ್ಕದ ಬಾವಿಯ ಲೆಕ್ಕದಲ್ಲಿ ಜಮೆ ಆಗಿರುತ್ತದೆ.

ನೆಲ ನೀರನ್ನು ಸೋಸುತ್ತದೆ ಎಂಬುದು ನಮ್ಮ ಹಳ್ಳಿಗರಿಗೆ ಹೊಸ ವಿಷಯವಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮರಳಿನಲ್ಲಿ ಒರತೆ ತೋಡುತ್ತಾರೆ. ಪಕ್ಕದಲ್ಲೇ ಗುಂಡಿಯಲ್ಲಿ ನಿಂತ ಹಸಿರು ನೀರಿದ್ದರೂ ಅದನ್ನು ಮುಟ್ಟುವುದಿಲ್ಲ. ಎರಡು ಮೊಳ ಮರಳನ್ನು ಬಗೆದು, ಮೊದಲು ಬಂದ ಕದಡಿದ ನೀರನ್ನು ಚೆಲ್ಲಿ, ಆಮೇಲೆ ಜಿನುಗುವ ತಿಳಿಯನ್ನು ಬೋಗುಣಿಯಿಂದ ಮೊಗೆದು ಕೊಡ ತುಂಬುತ್ತಾರೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನೀರನ್ನು ತಿಳಿಗೊಳಿಸುವುದು ಬೇರೆ, ಸೋಸುವುದು ಬೇರೆ. ಕತಕದ ಬೀಜ, ಅಂದರೆ ನಮ್ಮ ಚಿಲ್ಲದ ಬೀಜ, ಕದಡಿದ ನೀರನ್ನು ತಿಳಿಗೊಳಿಸುತ್ತದೆ ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ವಿಜಯಪುರದ ಆದಿಲ್‌ಶಾಹಿಗಳು ತೊರವಿಯಿಂದಲೂ ಬೇಗಂ ತಲಾಬಿನಿಂದಲೂ ಕೊಳವೆಗಳಲ್ಲಿ ನೀರು ತಂದಾಗ ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ಅವು ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುವುದರ ಜೊತೆಗೆ ಹೂಳು ತಳ ಸೇರಲೂ ಅವಕಾಶ ಕೊಡುತ್ತಿದ್ದವು. ಇವೆರಡರಲ್ಲೂ ಮಣ್ಣು ಕೆಳಗಿಳಿಯುತ್ತದೆ. ರೋಗಾಣುಗಳ ದೊಡ್ಡ ಪಾಲು ಮೇಲೆಯೇ ಉಳಿಯುತ್ತದೆ.

ಮೆಟ್ಟಿಲು ಬಾವಿಯನ್ನು ಹೊಗಳುವವರು ಮರೆಯುವ ಇನ್ನೊಂದು ಮಾತೂ ಇದೆ. ನೆಲ ಸೋಸಿ ಕೊಟ್ಟ ನೀರಿಗೆ ನಾವೇ ಕಾಲಿಡುತ್ತಿದ್ದೆವು. ನಾರುಹುಣ್ಣು ಎಂಬ ರೋಗವನ್ನು ನಿಮ್ಮ ಅಜ್ಜ ಅಜ್ಜಿಯರು ಕಂಡಿರಬಹುದು. ಕಾಲಿನ ಹುಣ್ಣಿನಿಂದ ಉದ್ದನೆಯ ದಾರದಂಥ ಹುಳು ಹೊರಬರುವ ರೋಗವಿದು. ರೋಗಿ ನೀರಿಗೆ ಇಳಿದಾಗ ಹುಳುವಿನ ಮರಿಗಳು ನೀರಿಗೆ ಸೇರಿ, ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿಯ ಹೊಟ್ಟೆಯಲ್ಲಿ ಬೆಳೆದು, ಆ ನೀರನ್ನು ಕುಡಿದವರ ದೇಹವನ್ನು ಸೇರುತ್ತಿದ್ದವು. ಕರ್ನಾಟಕವೂ ಈ ರೋಗದ ನೆಲೆಯಾಗಿತ್ತು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿ, ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿ, ಕೊಳವೆ ಬಾವಿಗಳನ್ನು ಕೊರೆದು ಇದನ್ನು ತೊಡೆದುಹಾಕಲಾಯಿತು. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು.

ನೆಲದ ಕೆಲಸವನ್ನು ತೊಟ್ಟಿಯೊಳಗೆ ಮಾಡಿಸಿದವರು

ನಿಸರ್ಗದ ಈ ಕೆಲಸವನ್ನು ಕಟ್ಟಿದ ತೊಟ್ಟಿಯಲ್ಲಿ ಮಾಡಿಸುವ ಪ್ರಯತ್ನ ದೊಡ್ಡ ಪ್ರಮಾಣದಲ್ಲಿ ಮೊದಲಾದದ್ದು ಸ್ಕಾಟ್‌ಲೆಂಡಿನ ಪೇಸ್ಲಿ ಪಟ್ಟಣದಲ್ಲಿ. ಅಲ್ಲಿ ಬಟ್ಟೆಯನ್ನು ಬಿಳುಪು ಮಾಡುವ ಕಾರ್ಖಾನೆ ನಡೆಸುತ್ತಿದ್ದ ಜಾನ್ ಗಿಬ್ ಎಂಬವರಿಗೆ ಸ್ವಚ್ಛ ನೀರು ಬೇಕಾಗಿತ್ತು. 1804ರಲ್ಲಿ ಅವರು ಜಲ್ಲಿ ಮತ್ತು ಮರಳಿನ ಶೋಧಕವೊಂದನ್ನು ರಚಿಸಿದರು. ಕಾರ್ಖಾನೆಗೆ ಬೇಕಾಗಿ ಉಳಿದ ನೀರನ್ನು ಗಾಡಿಯಲ್ಲಿ ಹೇರಿ ಊರಿನಲ್ಲಿ ಮಾರಿದರು. 1829ರಲ್ಲಿ ಜೇಮ್ಸ್ ಸಿಂಪ್ಸನ್ ಎಂಬ ಎಂಜಿನಿಯರು ಲಂಡನ್ನಿನ ಚೆಲ್ಸಿ ಜಲಸಂಸ್ಥೆಗಾಗಿ ಒಂದು ಎಕರೆ ವಿಸ್ತಾರದ ಮರಳು ಶೋಧಕವನ್ನು ಕಟ್ಟಿದರು. 1852ರ ಕಾಯಿದೆ ಲಂಡನ್ನಿಗೆ ಕೊಡುವ ನದಿ ನೀರನ್ನು ಸೋಸುವುದನ್ನು ಕಡ್ಡಾಯ ಮಾಡಿತು.

ಈ ಇಸವಿಗಳನ್ನು ಇನ್ನೊಮ್ಮೆ ನೋಡಿ. ರಾಬರ್ಟ್ ಕಾಖ್ ಕಾಲರಾ ರೋಗಾಣುವನ್ನು ಗುರುತಿಸಿದ್ದು 1883–84ರಲ್ಲಿ, ಈಜಿಪ್ಟ್ ಮತ್ತು ಕಲ್ಕತ್ತಾದಲ್ಲಿ. ಅಂದರೆ ಸೋಸುವುದು ಕಡ್ಡಾಯವಾದಾಗ ಏನನ್ನು ಸೋಸುತ್ತಿದ್ದೇವೆ ಎಂಬುದೇ ಯಾರಿಗೂ ಸ್ಪಷ್ಟವಿರಲಿಲ್ಲ. ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಸಾಕಾಗಿತ್ತು. ಮರಳು ಅದಕ್ಕಿಂತ ಹೆಚ್ಚಿನದನ್ನು ಮಾಡುತ್ತಿತ್ತು.

ಹೇಗೆ? ಒಂದು ಸರಳ ಲೆಕ್ಕ ಮಾಡೋಣ. ಶೋಧಕದ ಮರಳಿನ ಕಾಳು ಸುಮಾರು 0.2 ಮಿ.ಮೀ. ಅಂತಹ ಕಾಳುಗಳ ನಡುವಿನ ಸಂದು ಸುಮಾರು 30 ಮೈಕ್ರೋಮೀಟರ್. ಬ್ಯಾಕ್ಟೀರಿಯದ ಉದ್ದವೋ ಒಂದೆರಡು ಮೈಕ್ರೋಮೀಟರ್. ಹೆಬ್ಬಾಗಿಲಿನಲ್ಲಿ ಇಲಿ ನುಸುಳಿದಂತೆ ಅದು ಆರಾಮವಾಗಿ ದಾಟಿಹೋಗಬೇಕು. ಜರಡಿಯ ತರ್ಕದಿಂದ ಮರಳು ಶೋಧಕವನ್ನು ವಿವರಿಸಲಾಗದು.

ಉತ್ತರ ಇರುವುದು ಮರಳಿನ ಮೇಲ್ಮೈಯಲ್ಲಿ. ನೀರು ಒಂದೇ ಸಮನೆ ಹಾಯುತ್ತಿದ್ದರೆ ಕೆಲವು ದಿನಗಳಿಂದ ಎರಡು ಮೂರು ವಾರಗಳೊಳಗೆ ಅಲ್ಲಿ ಲೋಳೆಯಂತಹ ತೆಳು ಪದರವೊಂದು ಬೆಳೆಯುತ್ತದೆ. ಪಾಚಿ, ಬ್ಯಾಕ್ಟೀರಿಯ, ಪ್ರೋಟೋಜೋವ, ಪುಟ್ಟ ಹುಳುಗಳು ಎಲ್ಲವೂ ಅದರಲ್ಲಿ ವಾಸಿಸುತ್ತವೆ. ಜರ್ಮನರು ಇದನ್ನು ಷ್ಮುಟ್ಸ್‌ಡೆಕೆ, ಎಂದರೆ ಕೊಳೆಯ ಹೊದಿಕೆ, ಎಂದು ಕರೆದರು. ಹೆಸರು ಅನ್ಯಾಯದ್ದು, ನೀರನ್ನು ಕೊಳೆಯಿಂದ ಕಾಪಾಡುವುದೇ ಈ ಹೊದಿಕೆ. ಬಂದ ರೋಗಾಣುಗಳಲ್ಲಿ ಬಹಳಷ್ಟು ಇಲ್ಲೇ ಸಿಕ್ಕಿಬಿದ್ದು ಆಹಾರವಾಗುತ್ತವೆ. ತಪ್ಪಿಸಿಕೊಂಡವು ಕೆಳಗಿನ ಮರಳ ಕಾಳುಗಳಿಗೆ ಅಂಟಿಕೊಳ್ಳುತ್ತವೆ. ಕಾಲು ಮಿ.ಮೀ. ಗಾತ್ರದ ಕಾಳುಗಳಿರುವ ಒಂದು ಘನ ಮೀಟರ್ ಮರಳಿನಲ್ಲಿ ಎಲ್ಲ ಕಾಳುಗಳ ಮೇಲ್ಮೈಯನ್ನು ಕೂಡಿಸಿದರೆ ಸುಮಾರು 14,000 ಚದರ ಮೀಟರ್ ಆಗುತ್ತದೆ. ಅಂದರೆ ಮೂರೂವರೆ ಎಕರೆ ಹೊಲದಷ್ಟು ಜಾಗ! ಅಷ್ಟೂ ಜಾಗದಲ್ಲಿ ಜೀವಿಗಳ ತೆಳುವಾದ ಲೇಪವಿರುತ್ತದೆ.

ಇದೆಲ್ಲ ನಡೆಯಬೇಕಾದರೆ ನೀರು ಅವಸರಪಡಬಾರದು. ನಿಧಾನಗತಿಯ ಶೋಧಕದಲ್ಲಿ ನೀರು ಗಂಟೆಗೆ 0.1ರಿಂದ 0.2 ಮೀಟರ್ ದರದಲ್ಲಿ ಇಳಿಯುತ್ತದೆ. ಗಂಟೆಗೆ 0.1 ಮೀಟರ್ ದರದಲ್ಲಿ ಮೇಲೆ ನಿಂತ ಒಂದು ಮೀಟರ್ ನೀರಿನಲ್ಲಿ ಹತ್ತು ಗಂಟೆ, ಒಂದು ಮೀಟರ್ ಮರಳಿನೊಳಗೆ ಸುಮಾರು ನಾಲ್ಕು ಗಂಟೆ ಕಳೆಯುತ್ತದೆ. ಮೇಲ್ಪದರ ಬಿಗಿದುಕೊಂಡು ನೀರು ಇಳಿಯುವುದು ತೀರ ಕಡಿಮೆಯಾದಾಗ ಒಂದೆರಡು ಸೆಂಟಿಮೀಟರ್ ಮರಳನ್ನು ಕೆರೆದು ತೆಗೆಯುತ್ತಾರೆ. ಪದರ ಮತ್ತೆ ಬೆಳೆಯುವವರೆಗೆ ಆ ತೊಟ್ಟಿಯ ನೀರನ್ನು ಕುಡಿಯಲು ಬಿಡುವುದಿಲ್ಲ.

ಇದಕ್ಕೆ ಅತ್ಯಂತ ದುಬಾರಿಯಾದ ಪುರಾವೆ ಸಿಕ್ಕಿದ್ದು ಜರ್ಮನಿಯಲ್ಲಿ. ಎಲ್ಬೆ ನದಿಯ ದಂಡೆಯಲ್ಲಿ ಹ್ಯಾಂಬರ್ಗ್ ಮತ್ತು ಆಲ್ಟೋನಾ ಎಂಬ ಎರಡು ನಗರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಗಡಿ ಎಂದರೆ ಒಂದು ಬೀದಿ, ಅಷ್ಟೆ. ಹ್ಯಾಂಬರ್ಗ್ ಶ್ರೀಮಂತ ನಗರ. ಅದು ನದಿಯ ಮೇಲ್ಭಾಗದಿಂದ ನೀರೆತ್ತಿ ಸೋಸದೆ ಹಂಚುತ್ತಿತ್ತು. ಆಲ್ಟೋನಾ ನೀರೆತ್ತುತ್ತಿದ್ದುದು ಹ್ಯಾಂಬರ್ಗಿನ ಚರಂಡಿಗಳೆಲ್ಲ ನದಿಗೆ ಸೇರಿದ ಮೇಲೆ, ಕೆಳಗಡೆ. ಆದರೆ ಅದನ್ನು ಮರಳಿನಲ್ಲಿ ನಿಧಾನವಾಗಿ ಸೋಸುತ್ತಿತ್ತು. 1892ರ ಆಗಸ್ಟ್‌ನಲ್ಲಿ ಕಾಲರಾ ಬಂತು. ಹ್ಯಾಂಬರ್ಗಿನಲ್ಲಿ ಕೆಲವೇ ವಾರಗಳಲ್ಲಿ 8,000ಕ್ಕೂ ಹೆಚ್ಚು ಜನ ಸತ್ತರು. ಅದಕ್ಕಿಂತ ಹೊಲಸಾದ ನೀರನ್ನು ಎತ್ತುತ್ತಿದ್ದ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಗಡಿಯ ಬೀದಿಯಲ್ಲಿ ಒಂದು ಬದಿಯ ಮನೆಗಳಲ್ಲಿ ಸಾವು, ಎದುರು ಬದಿಯಲ್ಲಿ ಇಲ್ಲ. ಗಾಳಿ ಒಂದೇ, ಮಣ್ಣು ಒಂದೇ. ಬೇರೆಯಾಗಿದ್ದದ್ದು ನಲ್ಲಿಯ ನೀರು ಮಾತ್ರ.

ಪಠ್ಯಪುಸ್ತಕಗಳು ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತವೆ. ನನಗೆ ಮುಂದಿನ ಭಾಗವೇ ಹೆಚ್ಚು ಮುಖ್ಯವೆನಿಸುತ್ತದೆ. ಅದೇ ಚಳಿಗಾಲದಲ್ಲಿ ಆಲ್ಟೋನಾದಲ್ಲೂ ಸಣ್ಣ ಪ್ರಮಾಣದಲ್ಲಿ ಕಾಲರಾ ಕಾಣಿಸಿಕೊಂಡಿತು. ಕಾಖ್ ಹುಡುಕಿ ನೋಡಿದಾಗ ಸಿಕ್ಕಿದ ಕಾರಣ, ಕೊರೆಯುವ ಚಳಿಯಲ್ಲಿ ಸ್ವಚ್ಛ ಮಾಡುವಾಗ ಶೋಧಕದ ಮರಳು ಹೆಪ್ಪುಗಟ್ಟಿ ಸರಿಯಾಗಿ ಕೆಲಸ ಮಾಡದೆ ಇದ್ದದ್ದು. ಮರಳು ಅಲ್ಲೇ ಇತ್ತು, ತೊಟ್ಟಿಯೂ ಇತ್ತು. ಸೋಸುವ ಶಕ್ತಿ ಹೋಗಿತ್ತು. ಸೋಸುವ ವೇಗ ಗಂಟೆಗೆ 100 ಮಿ.ಮೀ. ಮೀರಬಾರದು, ಸೋಸಿದ ನೀರಿನ ಒಂದು ಘನ ಸೆಂಟಿಮೀಟರಿನಲ್ಲಿ 100ಕ್ಕಿಂತ ಹೆಚ್ಚು ಬ್ಯಾಕ್ಟೀರಿಯಗಳು ಇರಬಾರದು ಎಂಬ ನಿಯಮಗಳು ಬಂದದ್ದು ಈ ಅನುಭವದಿಂದ.

ನಮ್ಮ ದೇಶಕ್ಕೆ ಈ ತಂತ್ರ ಬೇಗನೆ ಬಂತು. ಕಲ್ಕತ್ತಾಕ್ಕೆ ನೀರು ಕೊಡಲು ಪಲ್ತಾದಲ್ಲಿ 1870ರ ಹೊತ್ತಿಗೇ ನಿಧಾನಗತಿಯ ಶೋಧಕಗಳಿದ್ದವು. ನಗರಗಳು ಬೆಳೆದಂತೆ ಅಷ್ಟು ಜಾಗ ಸಿಗದಾಯಿತು. ಪಟಿಕ ಹಾಕಿ ಕಲ್ಮಶವನ್ನು ಗರಣೆ ಕಟ್ಟಿಸಿ, ಗಂಟೆಗೆ 5 ಮೀಟರಿಗೂ ಮೀರಿದ ವೇಗದಲ್ಲಿ ಸೋಸುವ ಶೀಘ್ರ ಶೋಧಕಗಳು ಬಂದವು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಸಿ.ಜೆ.ಎಫ್. ಎಂಬ ಜಲಾಗಾರದ ಹೆಸರಿನಲ್ಲಿ ಅಂಥದೊಂದು ಶೋಧಕದ ಹೆಸರು, ಜ್ಯುವೆಲ್, ಇನ್ನೂ ಅಡಗಿ ಕುಳಿತಿದೆ. ನಿಧಾನಗತಿಯ ಶೋಧಕ ಹಳತಾಯಿತು ಎಂದುಕೊಂಡಿದ್ದಾಗ ಹಳ್ಳಿಗಳಿಗಾಗಿ ಅದನ್ನು ಮತ್ತೆ ಅಧ್ಯಯನ ಮಾಡಿದ ಸಂಸ್ಥೆಗಳಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯೂ ಒಂದು. ವಿದ್ಯುತ್ತು, ರಾಸಾಯನಿಕ ಎರಡೂ ಹೆಚ್ಚಾಗಿ ಬೇಡದಿರುವುದು ಇದರ ದೊಡ್ಡ ಗುಣ.

ಸೋಸಿದ ನೀರು ಮತ್ತೆ ನೆಲಕ್ಕೆ

ಇಲ್ಲಿಯವರೆಗೆ ನೀರನ್ನು ಸೋಸಿದ್ದು ನೇರವಾಗಿ ಕುಡಿಯಲು. ಸೋಸಿ ಮತ್ತೆ ನೆಲಕ್ಕೆ ಇಳಿಸುವ ಯೋಚನೆ ದೊಡ್ಡದಾಗಿ ಕೈಗೂಡಿದ ಸ್ಥಳಗಳಲ್ಲಿ ಹಾಲೆಂಡ್ ಒಂದು. ಆಮ್‌ಸ್ಟರ್‌ಡ್ಯಾಮ್ ನಗರ 1853ರಿಂದ ಕಡಲ ತೀರದ ಮರಳು ದಿಬ್ಬಗಳಲ್ಲಿ ಸಂಗ್ರಹವಾದ ಮಳೆನೀರನ್ನು ತರಿಸಿಕೊಳ್ಳುತ್ತಿತ್ತು. ನೂರು ವರ್ಷ ತೆಗೆದದ್ದರಿಂದ ಸಿಹಿನೀರು ತಗ್ಗಿ ಅಡಿಯಿಂದ ಉಪ್ಪುನೀರು ಏರತೊಡಗಿತು. 1957ರಿಂದ ರೈನ್ ನದಿಯ ನೀರನ್ನು ಕೊಳವೆಯಲ್ಲಿ ತಂದು ಆ ದಿಬ್ಬಗಳಲ್ಲಿ ಇಂಗಿಸಲಾರಂಭಿಸಿದರು. ಗಮನಿಸಿ: ನದಿಯ ನೀರನ್ನು ಅವರು ಹಾಗೆಯೇ ಬಿಡಲಿಲ್ಲ. ಮೊದಲೇ ಒಮ್ಮೆ ಶೀಘ್ರ ಶೋಧಕದಲ್ಲಿ ಹಾಯಿಸಿ, ಆಮೇಲೆ ದಿಬ್ಬದ ಮರಳಿನಲ್ಲಿ ವಾರಗಟ್ಟಲೆ ಸರಿಯಲು ಬಿಟ್ಟು, ತೆಗೆದ ಮೇಲೆ ಮತ್ತೆ ಸೋಸುತ್ತಾರೆ.

ಈಗ ನಮ್ಮ ಕೊಳವೆ ಬಾವಿಗೆ ಬರೋಣ. ಕಳೆದ ಕೆಲವು ದಶಕಗಳಲ್ಲಿ ಕರ್ನಾಟಕದ ಒಣ ಜಿಲ್ಲೆಗಳಲ್ಲಿ ಬೋರ್‌ವೆಲ್ ಮರುಪೂರಣ ಜನಪ್ರಿಯವಾಗಿದೆ. ಕೇಸಿಂಗ್ ಪೈಪಿನ ಸುತ್ತ ಗುಂಡಿ ತೋಡಿ, ಪೈಪಿಗೆ ರಂಧ್ರ ಕೊರೆದು, ಜಾಲರಿ ಸುತ್ತಿ, ಗುಂಡಿಗೆ ದಪ್ಪ ಕಲ್ಲು, ಜಲ್ಲಿ, ಮೇಲೆ ಮರಳು ತುಂಬಿ ಹೊಲದ ಓಟದ ನೀರನ್ನು ಅದಕ್ಕೆ ತಿರುಗಿಸುತ್ತಾರೆ. ಬತ್ತಿದ ಬೋರ್‌ವೆಲ್‌ಗಳು ಇದರಿಂದ ಮತ್ತೆ ನೀರು ಕೊಟ್ಟದ್ದುಂಟು. ಇದರ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಗುಂಡಿಯನ್ನು ಶೋಧಕ ಎಂದು ಕರೆಯುತ್ತಾರಲ್ಲ, ಅಲ್ಲಿ ತಕರಾರಿದೆ.

ಲೆಕ್ಕ ಹಾಕಿ. ಗುಂಡಿ 3 ಮೀಟರ್ ಉದ್ದ, 3 ಮೀಟರ್ ಅಗಲ ಇರಲಿ. ವಿಸ್ತಾರ 9 ಚದರ ಮೀಟರ್. ಗಂಟೆಗೆ 0.2 ಮೀಟರ್ ದರದಲ್ಲಿ ಅದು ಸೋಸಬಲ್ಲದ್ದು 1,800 ಲೀಟರ್. ಮೇಲಿನ ಒಂದು ಹೆಕ್ಟೇರ್ ಹೊಲದಲ್ಲಿ 20 ಮಿ.ಮೀ. ಮಳೆ ಬಿದ್ದರೆ 2 ಲಕ್ಷ ಲೀಟರ್. ಅದರ ಕಾಲು ಭಾಗ ಹರಿದು ಬಂದರೂ 50,000 ಲೀಟರ್. ನಿಜವಾದ ನಿಧಾನಗತಿಯಲ್ಲಿ ಇಷ್ಟನ್ನು ಸೋಸಲು ಸುಮಾರು 28 ಗಂಟೆ ಬೇಕು. ನಮ್ಮ ಕಡೆಯ ಗುಡುಗು ಮಳೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಆ ಒಂದೇ ಗಂಟೆಯಲ್ಲಿ ಎಲ್ಲ ನೀರೂ ಗುಂಡಿಯ ಮೂಲಕ ಇಳಿಯಬೇಕೆಂದರೆ ವೇಗ ಗಂಟೆಗೆ ಐದೂವರೆ ಮೀಟರ್ ಆಯಿತು. ಇದು ಶೀಘ್ರ ಶೋಧಕದ ವೇಗ, ಆದರೆ ಪಟಿಕವೂ ಇಲ್ಲ, ಕ್ಲೋರಿನ್ನೂ ಇಲ್ಲ.

ಇನ್ನು ಆ ಜೀವಂತ ಪದರ? ಅದಕ್ಕೆ ಎಡೆಬಿಡದೆ ನೀರು ಬೇಕು. ವಿಜಯನಗರ, ಬಳ್ಳಾರಿ ಜಿಲ್ಲೆಗಳಲ್ಲಿ ವರ್ಷದ ಬಹುಪಾಲು ತಿಂಗಳು ಹೊಲದಲ್ಲಿ ನೀರು ಓಡುವುದಿಲ್ಲ. ಬಿಸಿಲಿಗೆ ಕಾದ ಮರಳಿನ ಮೇಲೆ ಯಾವ ಪದರವೂ ಉಳಿಯದು. ಮೊದಲ ಮಳೆ ತರುವುದೋ ವರ್ಷದ ಕಲ್ಮಶವನ್ನೆಲ್ಲ: ಸಗಣಿ, ಗೊಬ್ಬರ, ಕೀಟನಾಶಕದ ಉಳಿಕೆ, ಸಂಡೂರಿನ ಕಡೆಯ ಹಳ್ಳಗಳಲ್ಲಾದರೆ ಅದಿರಿನ ನುಣ್ಣನೆಯ ಕೆಂಪು ಹುಡಿ. ಆಲ್ಟೋನಾದಲ್ಲಿ ಮರಳು ಚಳಿಗೆ ಸತ್ತಿತ್ತು. ನಮ್ಮಲ್ಲಿ ಬಿಸಿಲಿಗೆ ಸಾಯುತ್ತದೆ.

ಕುಡಿಯುವ ನೀರು ಕೆಟ್ಟರೆ ನಾಳೆ ಸರಿಪಡಿಸಬಹುದು. ಬಂಡೆಯ ಬಿರುಕುಗಳಲ್ಲಿ ಸೇರಿದ ಕಲ್ಮಶವನ್ನು ತೊಳೆಯಲು ಕೈ ಹೋಗುವುದಿಲ್ಲ. ಮಣ್ಣು ಮತ್ತು ಗರಸಿನ ಮೂಲಕ ಇಳಿಯಬೇಕಾಗಿದ್ದ ನೀರನ್ನು ಕೇಸಿಂಗ್ ಪೈಪು ಒಮ್ಮೆಗೇ ನೂರಾರು ಅಡಿ ಆಳಕ್ಕೆ ಮುಟ್ಟಿಸುತ್ತದೆ. ಅದೇ ಬಿರುಕು ಪಕ್ಕದ ಮನೆಯವರ ಕುಡಿಯುವ ನೀರಿನ ಬೋರ್‌ವೆಲ್‌ಗೂ ಹೋಗಿರಬಹುದು. 2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು, ಮರುತಿಂಗಳೇ ನೊರೆ ಎದ್ದಾಗ, ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ನಡೆದ ವಾದದ ತಿರುಳೂ ಇದೇ ಆಗಿತ್ತು: ನೆಲಕ್ಕೆ ಇಳಿಯುವ ಮುನ್ನ ನೀರು ಎಷ್ಟು ಶುದ್ಧವಾಗಿರಬೇಕು? ಅಲ್ಲಿ ಅಂತರ್ಜಲ ಏರಿದ್ದು ನಿಜ. ಮೂರನೆಯ ಹಂತದ ಸಂಸ್ಕರಣೆ ಬೇಕೆಂಬ ಕೂಗೂ ನಿಜ.

ಹಾಗಾದರೆ ಮಾಡುವುದೇನು? ಮೊದಲನೆಯದಾಗಿ ಮಳೆಯ ಒಂದು ಗಂಟೆಯನ್ನು ಹಿಗ್ಗಿಸಬೇಕು. ಅದಕ್ಕೆ ಹೊಂಡವಲ್ಲದೆ ಬೇರೆ ಉಪಾಯವಿಲ್ಲ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದಾಗಿ ಕೃಷಿ ಹೊಂಡಗಳು ಈಗ ಎಲ್ಲರಿಗೂ ಪರಿಚಿತ. ಓಟದ ನೀರು ಹೊಂಡದಲ್ಲಿ ನಿಂತು ಹೂಳು ತಳ ಸೇರಿದ ಮೇಲೆ, ತಿಳಿಯನ್ನು ಮಾತ್ರ ಸಣ್ಣ ಕೊಳವೆಯಿಂದ ಮರಳಿನ ಮೇಲೆ ಬಿಟ್ಟರೆ ಅದೇ 9 ಚದರ ಮೀಟರಿನ ಗುಂಡಿ ಒಂದೂಕಾಲು ದಿನದಲ್ಲಿ ಕೆಲಸ ಮುಗಿಸುತ್ತದೆ. ಮರಳನ್ನು ತೊಳೆದು ಹಾಕಬೇಕು, ಮೇಲಿನ ಎರಡು ಬೆರಳಷ್ಟನ್ನು ಪ್ರತಿ ಮಳೆಗಾಲದ ಮುಂಚೆ ಕೆರೆದು ತೆಗೆಯಬೇಕು.

ಇನ್ನೂ ಸುಲಭವಾದದ್ದು, ಬೋರ್‌ವೆಲ್‌ನ ಬಾಯಿಗೆ ಹೋಗದೆ ಸ್ವಲ್ಪ ದೂರದಲ್ಲಿ ಇಂಗುಗುಂಡಿ ತೋಡುವುದು. ಮಸಾರಿ ನೆಲದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಎರೆ ನೆಲದಲ್ಲಿ ನೀರು ಬೇಗ ಇಂಗುವುದಿಲ್ಲ. ನೇರವಾಗಿ ಬೋರ್‌ವೆಲ್‌ಗೇ ಇಳಿಸಬೇಕೆಂದಿದ್ದರೆ ಚಾವಣಿಯ ನೀರು ಲೇಸು. 100 ಚದರ ಮೀಟರಿನ ಶಾಲೆಯ ಚಾವಣಿಯ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ 60,000 ಲೀಟರ್ ಆಯಿತು. ಮೊದಲ ಮಳೆಯನ್ನು ಹೊರಗೆ ಬಿಟ್ಟರೆ ಉಳಿದದ್ದರಲ್ಲಿ ಹೊಲದ ನೀರಿನಷ್ಟು ಕೊಳೆ ಇರುವುದಿಲ್ಲ.

ಮರಳು ಎಲ್ಲವನ್ನೂ ತಡೆಯುತ್ತದೆ ಎಂದು ಮಕ್ಕಳಿಗೆ ಹೇಳಬೇಡಿ. ನೀರಿನಲ್ಲಿ ಕರಗಿದ ನೈಟ್ರೇಟ್, ಫ್ಲೋರೈಡ್ ಇದರಿಂದ ಹೋಗುವುದಿಲ್ಲ. ನಮ್ಮ ಗ್ರಾನೈಟ್ ಸೀಮೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಬರುವುದು ಬಂಡೆಯಿಂದಲೇ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಮರುಪೂರಣದ ಮಳೆನೀರು ಅದನ್ನು ತೆಳುವಾಗಿಸಬಲ್ಲದು, ತೆಗೆಯಲಾರದು.

ನಿಮ್ಮ ಊರಿನ ಮರುಪೂರಣದ ಗುಂಡಿ ಶೋಧಕವೋ ಬರೀ ಮರಳು ತುಂಬಿದ ಗುಂಡಿಯೋ ಎಂಬುದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಹೈಡ್ರೊಜನ್ ಸಲ್ಫೈಡ್ ಬಾಟಲಿ ಪರೀಕ್ಷೆಯನ್ನು 1982ರಲ್ಲಿ ಭಾರತೀಯ ವಿಜ್ಞಾನಿಗಳೇ ರೂಪಿಸಿದರು; ಕಿಟ್ಟು ದುಬಾರಿಯೇನಲ್ಲ. ಒಂದು ಬಾಟಲಿಯಲ್ಲಿ ಗುಂಡಿಗೆ ಬರುವ ನೀರು, ಇನ್ನೊಂದರಲ್ಲಿ ಮಳೆಯಾದ ಎರಡನೆಯ ದಿನ ಬೋರ್‌ವೆಲ್‌ನಿಂದ ಎತ್ತಿದ ನೀರು, ಮೂರನೆಯದರಲ್ಲಿ ಬೇಸಿಗೆಯಲ್ಲಿ ಎತ್ತಿದ ನೀರು ಹಿಡಿಯಿರಿ. ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಿ. ಕಪ್ಪಾದರೆ ಮಲಮೂಲದ ಬ್ಯಾಕ್ಟೀರಿಯ ಇರುವ ಸಂಭವವಿದೆ. ಬೇಸಿಗೆಯ ಬಾಟಲಿ ತಿಳಿಯಾಗಿಯೇ ಉಳಿದು ಮಳೆಗಾಲದ್ದು ಕಪ್ಪಾದರೆ, ಆ ಬೋರ್‌ವೆಲ್‌ನ ನೀರನ್ನು ಕುದಿಸಿ ಕುಡಿಯಲು ಹೇಳಿ. ಗುಂಡಿಗೆ ಹೊಲದ ನೀರು ಬರುವ ಕಾಲುವೆಯನ್ನು ಮುಚ್ಚಿಸಿ, ಹೊಂಡ ಆಗುವವರೆಗೆ.